ಗಿಳಿ ಕರ್ಚೀಫಿನ ಸಮುದ್ರಯಾನ

ಮದುವೆಯಾಗಿ ಒಂದು ವರ್ಷ ತುಂಬಿದ ಸಂಜೆ ಗಂಡನಾದವನು ಎಲ್ಲಿರಬೇಕು ಎಂಬ ವಿಷಯದಲ್ಲಿ ತಿಳಿದವರು ಏನು ಹೇಳಿದ್ದಾರೋ ನನಗೆ ಗೊತ್ತಿಲ್ಲ. ನಾನಂತೂ ಚಾವಣಿಯಿಂದ ಇಳಿಬಿಟ್ಟ ಒಂದು ಹಲಗೆಯ ಮೇಲೆ, ಮೂಗಿಗೂ ಚಾವಣಿಗೂ ನಡುವೆ ಒಂದು ಗೇಣು ಜಾಗ ಉಳಿಸಿಕೊಂಡು, ಟೈ ಕಟ್ಟಿಕೊಂಡು, ಹೊಸ ಬೂಟು ಹಾಕಿಕೊಂಡು ಮಲಗಿದ್ದೆ. ನನ್ನ ಕೆಳಗೆ ಹಡಗು, ಹಡಗಿನ ಕೆಳಗೆ ಸಮುದ್ರ, ಹೊಟ್ಟೆಯೊಳಗೆ ಏನೂ ಇಲ್ಲ. ಇದಕ್ಕೆಲ್ಲ ಕಾರಣ ಒಂದು ಕರ್ಚೀಫು ಅಂದರೆ ನೀವು ನಗುತ್ತೀರಿ. ನಗಿ, ಬೇಡ ಅನ್ನುವುದಿಲ್ಲ. ಆದರೆ ಪೂರ್ತಿ ಕೇಳಿ ನಗಿ.

ನಾನು ಬಟ್ಟೆ ಒಗೆಯುವ ಯಂತ್ರ ಮಾಡುವ ಕಂಪನಿಯೊಂದರ ದೂರು ವಿಭಾಗದಲ್ಲಿದ್ದೇನೆ. ಯಂತ್ರ ಕುಣಿಯುತ್ತಾ ಕುಣಿಯುತ್ತಾ ಬಚ್ಚಲಿನಿಂದ ಅಡುಗೆಮನೆಗೆ ಬಂತು ಎಂದೋ, ಬಿಳಿ ಅಂಗಿ ಗುಲಾಬಿಯಾಯಿತು ಎಂದೋ, ಒಳಗೆ ಹೋದ ಕಾಲುಚೀಲ ಹೊರಗೆ ಬರಲೇ ಇಲ್ಲ ಎಂದೋ ಜನ ಫೋನಿನಲ್ಲಿ ಕೂಗಾಡುತ್ತಾರೆ. ಅವರ ಕೂಗು ನಿಂತ ಮೇಲೆ ನಾನು ಮೆತ್ತಗೆ, “ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ” ಅನ್ನಬೇಕು. ಅದಕ್ಕೇ ನನಗೆ ಸಂಬಳ. (ತೊಂದರೆ ಸರಿಮಾಡುವ ವಿಭಾಗ ಬೇರೆ ಇದೆಯಂತೆ. ಎಲ್ಲಿದೆ ಎಂದು ನಾನೂ ಹುಡುಕುತ್ತಿದ್ದೇನೆ.) ದಿನವಿಡೀ ಹೀಗೆ ‘ಹೂಂ’ ಅಂದೂ ಅಂದೂ ನನ್ನ ನಾಲಿಗೆಗೆ ‘ಇಲ್ಲ’ ಎಂಬ ಪದವೇ ಮರೆತುಹೋಗಿದೆ.

ನನ್ನ ಹೆಂಡತಿ ಹಲ್ಲಿನ ಡಾಕ್ಟರರ ಬಳಿ ಸಹಾಯಕಿ. ಇಕ್ಕಳ ಕಂಡು ಕುರ್ಚಿಯಿಂದ ಎದ್ದೋಡುವವರನ್ನು ಹಿಡಿದು ಕೂರಿಸಿ, “ಒಂಚೂರೂ ನೋಯಲ್ಲ, ಇರುವೆ ಕಚ್ಚಿದ ಹಾಗೆ. ಎಲ್ಲಿ, ಬಾಯಿ ತೆರೀರಿ ನೋಡೋಣ” ಎಂದು ಜೇನು ಸುರಿಸುವುದು ಅವಳ ಕೆಲಸ. ಆ ದನಿಗೆ ಎಂಥ ಗಟ್ಟಿಗನೂ ಬಾಯಿ ತೆರೆಯುತ್ತಾನೆ. ಮನೆಯಲ್ಲಿ ಆ ದನಿ ಕೇಳಿತೆಂದರೆ ನಾನು ಮೊದಲು ದವಡೆ ಮುಟ್ಟಿ ನೋಡಿಕೊಳ್ಳುತ್ತೇನೆ.

ಹಡಗಿನ ಪ್ರವಾಸ ನನ್ನದೇ ಮಹಾ ಯೋಜನೆ. ಮೊದಲ ವಾರ್ಷಿಕೋತ್ಸವ, ನಾವಿಬ್ಬರೇ, ಸುತ್ತ ನೀರು, ಫೋನು ಮಾಡಿ ಬೈಯುವವರು ಯಾರೂ ಇಲ್ಲ. ಟಿಕೆಟ್ಟು ಕಾದಿರಿಸಿ ಬಂದ ದಿನ ಉಬ್ಬಿದ ಎದೆಯಲ್ಲಿ ಮನೆಯಲ್ಲಿ ಘೋಷಿಸಿದೆ: “ಏನು ಲಾಭದ ಸ್ಕೀಮು ಗೊತ್ತಾ? ಒಂದು ಕೋಣೆಗೆ ಇಬ್ಬರು ಬಂದರೆ ಮೂರನೆಯವರು ಉಚಿತವಂತೆ!”

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. (ಮುಂದೆ ಬಾಯಿ ತೆರೆದಿದ್ದರೂ ಇರುತ್ತಿರಲಿಲ್ಲ. ಅದು ಆಮೇಲೆ ಬರುತ್ತದೆ.)

ಹೆಂಡತಿ ಹತ್ತಿರ ಬಂದು ಕೂತಳು. ಜೇನಿನ ದನಿ ಹೊರಟಿತು. “ರೀ, ಅಮ್ಮ ಪಾಪ ಸಮುದ್ರಾನ ದಡದಿಂದ ಬಿಟ್ರೆ ನೋಡೇ ಇಲ್ಲ. ಹೇಗಿದ್ರೂ ಉಚಿತ ಅಲ್ವಾ? ನಿಮಗೇನೂ ತೊಂದ್ರೆ ಆಗಲ್ಲ, ಅವರ ಪಾಡಿಗೆ ಅವರು ಇರ್ತಾರೆ.”

ನಾನು ದವಡೆ ಮುಟ್ಟಿಕೊಂಡೆ. ಹಲ್ಲು ಹೋಗಿಯಾಗಿತ್ತು.

ಆದರೆ ನನ್ನ ಬಳಿ ಒಂದು ಗುಟ್ಟಿನ ಅಸ್ತ್ರವಿತ್ತು. ಹಡಗಿನ ಮೂತಿಯ ಕಡೆ ಒಂದು ಪುಟ್ಟ ಊಟದ ಮನೆ ಇದೆ. ಕಿಟಕಿಗೊಂದು ಮೇಜು, ಮೇಜಿಗೆ ಎರಡೇ ಕುರ್ಚಿ. ಅಲೆಗೆ ಜಾರದಿರಲೆಂದು ಕುರ್ಚಿಗಳನ್ನು ನೆಲಕ್ಕೇ ಬಿಗಿದಿದ್ದಾರೆ, ಮೂರನೆಯದನ್ನು ಎಳೆದು ಹಾಕುವ ಮಾತೇ ಇಲ್ಲ. ಪ್ರವಾಸದ ಕೊನೆಯ ಸಂಜೆಗೆ, ಅಂದರೆ ವಾರ್ಷಿಕೋತ್ಸವದ ಸಂಜೆಗೆ, ಅಲ್ಲೊಂದು ಮೇಜನ್ನು ನಾನು ಮೊದಲೇ ಹೇಳಿಟ್ಟಿದ್ದೆ. ಹೆಂಡತಿಗೆ ತಿಳಿಸಿದಾಗ ಅವಳ ಮುಖ ಅರಳಿತು. ಮರುಕ್ಷಣ ಕೈ ಸೊಂಟಕ್ಕೆ ಹೋಯಿತು.

“ಅಮ್ಮನಿಗೆ ಯಾರು ಹೇಳ್ತಾರೆ?”

“ನೀನು. ನಿನ್ನ ಅಮ್ಮ ತಾನೇ?”

“ಮೇಜು ಹೇಳಿಟ್ಟಿದ್ದು ನೀವು ತಾನೇ? ನೀವೇ ಹೇಳ್ಬೇಕು. ತಲೆನೋವು, ಹೊಟ್ಟೆನೋವು ಅಂತ ಸುಳ್ಳು ಹೇಳಿ ಕದ್ದು ಕರ್ಕೊಂಡು ಹೋಗೋ ಹಾಗಿದ್ರೆ ನಾನು ಬರಲ್ಲ. ಎದುರಿಗೆ ನಿಂತು, ‘ಅತ್ತೆ, ಅವತ್ತು ನಾವಿಬ್ಬರೇ ಊಟ ಮಾಡ್ತೀವಿ’ ಅಂದ್ರೆ ಮುಗೀತು. ನಮ್ಮಮ್ಮ ಏನು ಹುಲೀನಾ?”

“ಹುಲಿ ಆಗಿದ್ರೆ ಹೇಳಿಬಿಡ್ತಿದ್ದೆ. ಹುಲಿ ಬೇಜಾರು ಮಾಡ್ಕೊಳ್ಳಲ್ಲ.”

ನನ್ನ ಅತ್ತೆಯ ಬಗ್ಗೆ ಇಲ್ಲಿ ಎರಡು ಮಾತು ಹೇಳಲೇಬೇಕು. ಅವರು ಶಾಲೆಯೊಂದರಲ್ಲಿ ಹೊಲಿಗೆ ಟೀಚರಾಗಿದ್ದು ನಿವೃತ್ತರಾದವರು. ಆಯುಷ್ಯದ ಅರ್ಧವನ್ನು ಶಾಲೆಯಲ್ಲೂ ಉಳಿದರ್ಧವನ್ನು ಶಾಲೆಗೆ ಹೋಗುವ ಸಿಟಿ ಬಸ್ಸಿನಲ್ಲೂ ಕಳೆದಿದ್ದಾರೆ. ಬಸ್ಸು ನಿಲ್ದಾಣಕ್ಕೆ ತಿರುಗುವಷ್ಟರಲ್ಲೇ ಕಿಟಕಿಯೊಳಗೆ ಕರ್ಚೀಫು ತೂರಿ ಸೀಟು ಹಿಡಿಯುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಅವರ ಗುರಿ ಎಂಥದ್ದೆಂದರೆ ಬೇಕಾದ ಸೀಟಿನ ಬೇಕಾದ ಅಂಚಿಗೇ ಕರ್ಚೀಫು ಹೋಗಿ ಬೀಳುತ್ತಿತ್ತಂತೆ. ಯಾರ ಕರ್ಚೀಫು ಎಂದು ಜಗಳ ಬರದಿರಲೆಂದು ಪ್ರತಿಯೊಂದರ ಮೂಲೆಯಲ್ಲೂ ಹಸಿರು ನೂಲಿನಲ್ಲಿ ಒಂದು ಗಿಳಿ ಕಸೂತಿ ಹಾಕಿರುತ್ತಾರೆ. ಕೆಂಪು ಕೊಕ್ಕು, ಅದೂ ಸದಾ ಬಾಯಿ ತೆರೆದದ್ದು. ಯಾಕೆ ಹೀಗೆ ಎಂದು ಒಮ್ಮೆ ಕೇಳಿದ್ದೆ.

“ಬಾಯಿ ಮುಚ್ಕೊಂಡಿದ್ರೆ ಅದು ಗಿಳಿ ಹೇಗಾಗತ್ತೆ ಅಳಿಯಂದ್ರೇ? ಹಸಿರು ಬಣ್ಣದ ಕಾಗೆ ಆಗತ್ತೆ” ಅಂದಿದ್ದರು. (ಅತ್ತೆ ನನ್ನನ್ನು ‘ಅಳಿಯಂದ್ರೇ’, ‘ನೀವು’ ಎಂದು ಬಹುವಚನದಲ್ಲೇ ಕರೆಯುತ್ತಾರೆ. ಮರ್ಯಾದೆಯೋ, ಇನ್ನೂ ಪರೀಕ್ಷೆ ಮುಗಿದಿಲ್ಲವೋ ಎಂಬುದು ನನಗೆ ಒಂದು ವರ್ಷದಿಂದ ಬಗೆಹರಿದಿರಲಿಲ್ಲ.)

ಹಡಗು ಹತ್ತಿದೆವು. ನಮಗೆ ಸಿಕ್ಕಿದ್ದು ಒಳಕೋಣೆ. ಕಿಟಕಿಯಿಲ್ಲ, ಆದರೆ ಪ್ರಯಾಣಿಕರ ಮನಸ್ಸಿಗೆ ನೋವಾಗಬಾರದೆಂದು ಗೋಡೆಗೆ ಪರದೆ ಮಾತ್ರ ಕಟ್ಟಿದ್ದಾರೆ. ಪರದೆ ಸರಿಸಿದರೆ ಮತ್ತೆ ಗೋಡೆ. ಒಂದು ಜೋಡಿ ಹಾಸಿಗೆ. ಮೂರನೆಯದು ಎಲ್ಲಿ ಎಂದು ಹುಡುಕುತ್ತಿದ್ದಾಗ ಕೋಣೆ ನೋಡಿಕೊಳ್ಳುವವನು ನಗುತ್ತಾ ಬಂದು ಚಾವಣಿಯ ಚಿಲಕ ತೆಗೆದ. ಅಲ್ಲಿಂದ ಹಲಗೆಯೊಂದು ದಡ್ ಎಂದು ಇಳಿಯಿತು. ಅಟ್ಟ! ಮೂವರೂ ಅದನ್ನು ನೋಡಿದೆವು. ಆಮೇಲೆ ಇಬ್ಬರು ನನ್ನನ್ನು ನೋಡಿದರು.

“ಅಮ್ಮನಿಗೆ ಮಂಡಿನೋವು” ಅಂದಳು ಹೆಂಡತಿ.

“ಮಗಳಿಗೆ ನಿದ್ದೆಯಲ್ಲಿ ಹೊರಳಾಡೋ ಅಭ್ಯಾಸ” ಅಂದರು ಅತ್ತೆ.

“ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ” ಅಂದೆ ನಾನು, ಏಣಿ ಹತ್ತುತ್ತಾ.

ಹಡಗು ಹೊರಡುವ ಮುನ್ನ ಎಲ್ಲರನ್ನೂ ಡೆಕ್ಕಿನಲ್ಲಿ ನಿಲ್ಲಿಸಿ, ಅಪಾಯ ಬಂದರೆ ಯಾವ ಜೀವರಕ್ಷಕ ದೋಣಿಗೆ ಓಡಬೇಕೆಂದು ತೋರಿಸುತ್ತಾರೆ. ಹಡಗಿನ ಅಧಿಕಾರಿ ವಿವರಿಸುತ್ತಿದ್ದ. ಅತ್ತೆ ಕೈ ಎತ್ತಿದರು. “ದೋಣಿಯಲ್ಲಿ ನಮ್ಮ ಸೀಟು ಯಾವುದು?”

“ಅಲ್ಲಿ ಸೀಟು ಹೀಗೇ ಅಂತ ಇಲ್ಲ ಅಮ್ಮಾ. ಎಲ್ಲರಿಗೂ ಜಾಗ ಇರತ್ತೆ.”

“ಎಲ್ಲರಿಗೂ ಜಾಗ ಇರತ್ತೆ ಅಂತ ಬಸ್ಸಿನೋರೂ ಹೇಳ್ತಿದ್ರು” ಎಂದು ಅತ್ತೆ ಸೆರಗಿನಿಂದ ಕರ್ಚೀಫು ತೆಗೆದು ಮೇಲೆ ತೂಗುತ್ತಿದ್ದ ದೋಣಿಯ ಎತ್ತರ ಅಳೆಯತೊಡಗಿದರು. ಹೆಂಡತಿ ಅವರ ಕೈ ಹಿಡಿದುಕೊಂಡಳು. ಅಧಿಕಾರಿ ಹಡಗಿನ ಹೊಗೆಕೊಳವೆಯ ಬಣ್ಣ ನೆನಪಿಟ್ಟುಕೊಳ್ಳಿ, ಬಂದರಿನಲ್ಲಿ ಬೇರೆ ಹಡಗುಗಳೂ ಇರುತ್ತವೆ, ಇಳಿದವರು ನಮ್ಮ ಬಣ್ಣದ ಬೋರ್ಡಿರುವ ಬಸ್ಸನ್ನೇ ಹತ್ತಬೇಕು ಎಂದೇನೋ ಹೇಳುತ್ತಿದ್ದನಂತೆ. ನಾನು ಕೇಳಿಸಿಕೊಳ್ಳಲಿಲ್ಲ. ‘ಅತ್ತೆ, ಒಂದು ವಿಷಯ’ ಎಂಬ ಭಾಷಣವನ್ನು ಮನಸ್ಸಿನಲ್ಲಿ ತಿದ್ದುತ್ತಿದ್ದೆ.

ಮೊದಲ ಸಮುದ್ರದ ದಿನ ಹಡಗಿನಲ್ಲಿ ಗಿಳಿಗಳ ಸಾಮ್ರಾಜ್ಯ ಸ್ಥಾಪನೆಯಾಯಿತು. ಈಜುಕೊಳದ ಪಕ್ಕದ ಒರಗುಕುರ್ಚಿಗಳ ಮೇಲೆ ಮೂರು ಗಿಳಿ. ಊಟದ ಹಾಲಿನಲ್ಲಿ ಐಸ್‌ಕ್ರೀಮಿಗೆ ಹತ್ತಿರದ ಮೇಜಿನ ಮೇಲೆ ಒಂದು ಗಿಳಿ. ನಾಟಕ ಸಂಜೆಗೆ, ಮುಂದಿನ ಸಾಲಿನ ಗಿಳಿಗಳು ಬೆಳಗಿನ ಕಾಫಿ ಹೊತ್ತಿಗೇ ಹೋಗಿ ಕೂತಿದ್ದವು. ನೆರಳಿನ ಕುರ್ಚಿಯೊಂದರಲ್ಲಿ ಕರ್ಚೀಫಿನ ಮೇಲೇ ಕೂತ ದಪ್ಪನೆಯ ಮಹಾಶಯನ ಎದುರು ಅತ್ತೆ ಹೋಗಿ ನಿಂತರು.

“ಗಿಳಿ ಕಾಣಿಸ್ಲಿಲ್ವಾ?”

“ಗಿಳೀನಾ? ಯಾವ ಗಿಳಿ?”

“ನೀವು ಮೇಲೆ ಕೂತಿದ್ದೀರಲ್ಲ, ಅದು.”

ಮಹಾಶಯ ಬಿಸಿ ತಾಗಿದವನಂತೆ ಎದ್ದ. ಹಡಗಿನವರು ಪಾಪ, ಯಾರೋ ಮರೆತುಹೋದ ಕರ್ಚೀಫುಗಳೆಂದು ಎಲ್ಲವನ್ನೂ ಆರಿಸಿ, ಮಡಿಸಿ, ಸಂಜೆ ನಮ್ಮ ಕೋಣೆಗೆ ತಲುಪಿಸುತ್ತಿದ್ದರು. ದಿನವೂ ಹೊತ್ತು ಮುಳುಗುವಾಗ ಗಿಳಿಗಳು ತಪ್ಪದೆ ಗೂಡಿಗೆ ಮರಳುತ್ತಿದ್ದವು. ಅತ್ತೆಗೆ ಹಡಗಿನವರ ಸೇವೆ ಬಹಳ ಹಿಡಿಸಿತು. ನನಗೆ ಮಾತ್ರ ತಲೆ ಎತ್ತಿ ನಡೆಯಲಾಗುತ್ತಿರಲಿಲ್ಲ. “ಅಮ್ಮನಿಗೆ ಸ್ವಲ್ಪ ಹೇಳು” ಅಂದೆ ಹೆಂಡತಿಗೆ.

“ನೀವು ಹೇಳೋದು ಹೇಳಿ ಆಯ್ತಾ?” ಅಂದಳು ಅವಳು. ನಾನು ಸಮುದ್ರ ನೋಡತೊಡಗಿದೆ.

ರಾತ್ರಿ ಅಟ್ಟದ ಮೇಲೆ ಮಲಗಿ ನಿದ್ದೆ ಬರುವವರೆಗೆ ಭಾಷಣ ಅಭ್ಯಾಸ ಮಾಡುವುದು, ಬೆಳಿಗ್ಗೆ ಎದ್ದು ಹೇಳದೇ ಇರುವುದು ನನ್ನ ದಿನಚರಿಯಾಯಿತು. ತಿಂಡಿಯ ಹೊತ್ತಿಗೆ ಅತ್ತೆ ನನ್ನ ಮುಖವನ್ನೇ ನೋಡುತ್ತಾ, “ನಿದ್ದೆ ಚೆನ್ನಾಗಿ ಬಂತಾ ಅಳಿಯಂದ್ರೇ?” ಅನ್ನುವರು. “ಬಂತು ಅತ್ತೆ” ಅಂದರೆ ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿಕೊಂಡು ಬ್ರೆಡ್ಡಿಗೆ ಬೆಣ್ಣೆ ಸವರುವುದರಲ್ಲಿ ಮುಳುಗಿಬಿಡುವರು. ಇಷ್ಟು ಶ್ರದ್ಧೆಯಿಂದ ಬೆಣ್ಣೆ ಸವರುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೊದಲ ಬಂದರಿನಲ್ಲಿ ಒಂದು ಹಳೆಯ ದೀಪಸ್ತಂಭವಿತ್ತು. ಎತ್ತರದ ಜಾಗ, ವಿಶಾಲವಾದ ನೋಟ, ಉದಾರವಾಗುವ ಮನಸ್ಸು, ಹೇಳಲು ಇದಕ್ಕಿಂತ ಒಳ್ಳೆಯ ಸ್ಥಳವಿಲ್ಲ ಎಂದುಕೊಂಡು ಸುರುಳಿ ಮೆಟ್ಟಿಲಿನಲ್ಲೇ ಶುರುಮಾಡಿದೆ. “ಅತ್ತೆ, ಒಂದು ವಿಷಯ...”

“ಮೇಲೆ ಹೋದ್ಮೇಲೆ ಹೇಳಿ. ಈಗ ಕೇಳೋಕೂ ಉಸಿರಿಲ್ಲ.”

ಮೇಲೆ ಹೋದೆವು. ಗಾಳಿ ಮನುಷ್ಯರನ್ನೇ ಹಾರಿಸುವಂತಿತ್ತು. ನಾನು ಕಂಬಿ ಹಿಡಿದು, ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದೆ. ಅತ್ತೆ ನನ್ನನ್ನು ಕರುಣೆಯಿಂದ ನೋಡಿದರು.

“ಯಾಕೆ ಮುಖ ಹೀಗೆ ಬಿಳುಚಿಕೊಂಡಿದೆ? ಎತ್ತರ ಅಂದ್ರೆ ಭಯಾನಾ?”

ಇಲ್ಲ ಅನ್ನಬೇಕಿತ್ತು. ನನ್ನ ನಾಲಿಗೆಯ ಸ್ಥಿತಿ ನಿಮಗೆ ಮೊದಲೇ ಹೇಳಿದ್ದೇನೆ. “ಹೂಂ” ಅಂದೆ.

ಮಂಡಿನೋವಿನ ಅತ್ತೆ ನನ್ನ ಕೈ ಹಿಡಿದುಕೊಂಡು, “ಕೆಳಗೆ ನೋಡ್ಬೇಡಿ, ನನ್ನ ಬೆನ್ನು ನೋಡ್ಕೊಂಡು ಬನ್ನಿ” ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದರು. ಎದುರು ಹತ್ತಿ ಬರುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ನನಗೆ ಧೈರ್ಯ ಹೇಳಿ ಮೇಲೆ ಹೋದಳು. ಹೀಗಾದರೂ ಅಟ್ಟದಿಂದ ಬಿಡುಗಡೆ ಸಿಗಬಹುದೆಂದು ಒಂದು ಆಸೆ ಹುಟ್ಟಿತು. ಅದಕ್ಕೂ ಅತ್ತೆಯ ಬಳಿ ಉತ್ತರವಿತ್ತು: “ಎತ್ತರದ ಭಯ ಇರೋರು ಎತ್ತರದಲ್ಲೇ ಮಲಗ್ಬೇಕು. ವಾಸಿಯಾಗಿಬಿಡತ್ತೆ.”

ಎರಡನೆಯ ಬಂದರು ದೊಡ್ಡದು. ಹಡಗುಕಟ್ಟೆಯಿಂದ ಪೇಟೆಯ ಚೌಕಕ್ಕೆ ಬಸ್ಸಿನಲ್ಲಿ ಬಿಟ್ಟು, ಸಂಜೆ ಅಲ್ಲಿಂದಲೇ ಕರೆತರುವ ವ್ಯವಸ್ಥೆ. ಹೋಗುವಾಗ ನಮಗೆ ಹಿಂದಿನ ಸೀಟು ಸಿಕ್ಕಿ ಅತ್ತೆ ಕುಲುಕಾಟಕ್ಕೆ ಸುಸ್ತಾದರು. ಅದನ್ನು ಕಂಡು ನನಗೊಂದು ಬೆಳಕು ಹೊಳೆಯಿತು. ಬರುವಾಗ ಮುಂದಿನ ಸೀಟು ಹಿಡಿದುಕೊಟ್ಟರೆ ಅತ್ತೆ ಸಂತೋಷಪಡುತ್ತಾರೆ. ಸಂತೋಷದಲ್ಲಿದ್ದಾಗ ವಿಷಯ ಹೇಳಿಬಿಡಬಹುದು! ತಾಯಿ ಮಗಳು ಅಂಗಡಿ ಬೀದಿಯಲ್ಲಿ ಕಸೂತಿ ನೂಲು ಆರಿಸುತ್ತಿರುವಾಗ, “ಅತ್ತೆ, ಒಂದು ಕರ್ಚೀಫು ಕೊಡಿ” ಅಂದೆ.

“ನೆಗಡೀನಾ?”

“ಅಲ್ಲ. ಸೀಟು ಹಿಡಿಯೋಕೆ.”

ಅತ್ತೆಯ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ತಮ್ಮ ವಿದ್ಯೆ ತಮ್ಮೊಂದಿಗೇ ಮುಗಿಯುತ್ತದೆಂದು ಅವರು ನಂಬಿದ್ದರೇನೋ. ಹೊಸದಾಗಿ ಇಸ್ತ್ರಿ ಮಾಡಿದ ಗಿಳಿಯೊಂದನ್ನು ತೆಗೆದು ನನ್ನ ಕೈಗಿಟ್ಟರು. ನಾನು ಓಡಿದೆ. ಚೌಕದ ಬದಿಯಲ್ಲಿ ಬಿಳಿ ಬಸ್ಸುಗಳ ಸಾಲು. ಒಂದರ ಮುಂದಿನ ಕಿಟಕಿ ತೆರೆದಿತ್ತು. ನಾನು ಒಂಟಿಕಾಲಿನ ಮೇಲೆ ನಿಂತು, ಕಣ್ಣು ಕಿರಿದು ಮಾಡಿ, ಬೀಸಿ ಎಸೆದೆ. ಗಿಳಿ ಹಾರಿ ಹೋಗಿ ಚಾಲಕನ ಹಿಂದಿನ ಸೀಟಿನ ಮೇಲೆ ಕೂತಿತು. ಜೀವನದಲ್ಲಿ ಮೊದಲ ಸಲ ಅಂಥ ಗುರಿ! ಕುಣಿದಾಡುವಂತಾಯಿತು. (ಬಸ್ಸಿನ ಬೋರ್ಡು ನೋಡಿದೆಯಾ ಎಂದು ಕೇಳುತ್ತೀರಿ. ಕುಣಿಯುವವನು ಬೋರ್ಡು ನೋಡುತ್ತಾನೆಯೇ?)

ಅತ್ತೆ ಬಂದು ಗಿಳಿ ಕಂಡರು. “ಈಗ ನೀವು ನಮ್ಮ ಮನೆ ಅಳಿಯ ಅನ್ನಿಸ್ಕೊಂಡ್ರಿ!” ಚಾಲಕ ನಮ್ಮ ಕೊರಳಲ್ಲಿ ತೂಗುತ್ತಿದ್ದ, ಹಡಗಿನವರು ಕೊಟ್ಟ ಕಾರ್ಡುಗಳನ್ನು ದೂರದಿಂದಲೇ ಕಂಡು ತಲೆಯಾಡಿಸಿದ. ಊರುಗೋಲಿನ ಮುದುಕರೊಬ್ಬರು ಹತ್ತಿ, “ಇದು ನಾವು ಬೆಳಿಗ್ಗೆ ಕೂತಿದ್ದ ಸೀಟು” ಅಂದರು.

“ಬೆಳಗಿಂದು ಬೆಳಿಗ್ಗೆ ಮುಗೀತು. ಈಗ ಗಿಳಿ ಇದೆ, ನೋಡಿ” ಅಂದರು ಅತ್ತೆ. ಆಮೇಲೆ ಊರುಗೋಲು ಕಂಡು ಮೆತ್ತಗಾಗಿ, “ನೀವು ಕೂತ್ಕೊಳ್ಳಿ. ಅಳಿಯಂದ್ರು ನಿಂತ್ಕೋತಾರೆ” ಎಂದು ನನ್ನ ಜಾಗ ಅವರಿಗೆ ಕೊಟ್ಟರು.

ನಾನು ಕಂಬಿ ಹಿಡಿದು ನಿಂತೆ. ಬಸ್ಸು ಒಂದು ಉದ್ದನೆಯ ಸೇತುವೆ ದಾಟತೊಡಗಿತು.

“ರೀ, ಬರುವಾಗ ಸೇತುವೆ ಇತ್ತಾ?” ಅಂದಳು ಹೆಂಡತಿ.

“ಬರುವಾಗ ನೀನು ಆ ಕಡೆ ಕೂತಿದ್ದೆ.”

“ಸೇತುವೆ ಎರಡೂ ಕಡೆ ಇರತ್ತಲ್ವಾ?”

“ನಿನಗೆ ಎಲ್ಲದರಲ್ಲೂ ಅನುಮಾನ” ಅಂದೆ. ಸೀಟು ಹಿಡಿದ ಗಂಡಸಿನ ದನಿಯೇ ಬೇರೆ.

ಹಡಗು ಅದೇ ಬಿಳಿ, ಅದೇ ಎತ್ತರ, ಅದೇ ಸಾಲು ಸಾಲು ಕಿಟಕಿ. ಮೆಟ್ಟಿಲ ಬುಡದಲ್ಲಿ ಕಾವಲುಗಾರ ನನ್ನ ಕಾರ್ಡನ್ನು ಯಂತ್ರಕ್ಕೆ ತೋರಿಸಿದ. ಅದು ಕಪ್ಪೆಯಂತೆ ಅರಚಿ ಕೆಂಪಾಯಿತು. ಹೆಂಡತಿಯದೂ ಕೆಂಪು, ಅತ್ತೆಯದೂ ಕೆಂಪು.

“ನೀವು ಈ ಹಡಗಿನವರಲ್ಲ” ಅಂದ ಅವನು.

ದೂರು ಕೇಳಿಸಿಕೊಂಡು ಬೆಂದವನ ಒಳಗೆ ಎಷ್ಟು ದೂರು ಕೂಡಿಬಿದ್ದಿರುತ್ತದೆಂದು ಅಂದು ನನಗೇ ತಿಳಿಯಿತು. “ಏನ್ರೀ ಹಾಗಂದ್ರೆ? ಯಂತ್ರ ಕೆಟ್ಟಿರೋದು ನಿಮ್ಮದು, ಬಿಸಿಲಲ್ಲಿ ನಿಂತಿರೋದು ನಾವು! ವಯಸ್ಸಾದೋರು ಇದ್ದಾರೆ! ನಿಮ್ಮ ಮೇಲಿನವರನ್ನ ಕರೀರಿ!” ಎಂದೆಲ್ಲ ಕೂಗಾಡಿದೆ. ಅತ್ತೆಯೂ ಸೇರಿಕೊಂಡರು. “ಈಜುಕೊಳದ ಹತ್ರ ಮೂರು ಕುರ್ಚಿ ಮೇಲೆ ನಮ್ಮ ಗಿಳಿ ಇದೆ. ಹೋಗಿ ನೋಡ್ಕೊಂಡು ಬನ್ನಿ, ಸುಳ್ಳಾದ್ರೆ ಕೇಳಿ!”

ಕಾವಲುಗಾರ ಎಲ್ಲ ಮುಗಿಯುವವರೆಗೆ ಕಾದ. ಆಮೇಲೆ ತಲೆಯನ್ನು ಒಂದಿಷ್ಟು ವಾಲಿಸಿ, ಮೆತ್ತಗೆ ಹೇಳಿದ: “ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ.”

ಜನ ಯಾಕೆ ಫೋನು ಕುಕ್ಕುತ್ತಾರೆಂದು ಆಗ ನನಗೆ ಗೊತ್ತಾಯಿತು.

“ರೀ” ಅಂದಳು ಹೆಂಡತಿ, ಮೇಲೆ ಬೆರಳು ತೋರಿಸಿ. “ನಮ್ಮ ಹಡಗಿನ ಹೊಗೆಕೊಳವೆ ನೀಲಿ ಅಲ್ವಾ?” ನೋಡಿದೆವು. ಕೆಂಪು, ಕುಂಕುಮದಷ್ಟು ಕೆಂಪು. ಅಷ್ಟರಲ್ಲಿ ನೀರಿನಾಚೆ, ಸೇತುವೆಯ ಆ ಬದಿಯಿಂದ, ದೊಡ್ಡದೊಂದು ಕೂಗು ಬಂತು. ಅಲ್ಲಿ, ಅಂಗೈಯಗಲ ಕಾಣುತ್ತಿದ್ದ ಹಡಗಿನ ಮೇಲೆ ನೀಲಿ ಕೊಳವೆ. ಹೊರಡುವ ಕೂಗು ಅದು.

ಕಾವಲುಗಾರ ಒಳ್ಳೆಯವನು. ಆ ಕಡೆಗೆ ಫೋನು ಮಾಡಿ, ಹಡಗುಗಳ ಮೈಲಿಗೆ ಬಟ್ಟೆ ಸಾಗಿಸುವ ತೆರೆದ ಗಾಡಿಯೊಂದನ್ನು ನಿಲ್ಲಿಸಿ ನಮ್ಮನ್ನು ಹತ್ತಿಸಿದ. ಹಾಸಿಗೆ ಬಟ್ಟೆಯ ಗಂಟುಗಳ ಬೆಟ್ಟದ ಮೇಲೆ ಮೂವರೂ ಕೂತೆವು. ಗಾಡಿ ಸೇತುವೆ ಮೇಲೆ ಹಾರಿತು. ನೀಲಿ ಕೊಳವೆಯ ಹಡಗು ಹತ್ತಿರವಾದಂತೆ ಅದರ ಎಲ್ಲ ಮಹಡಿಗಳ ಕಂಬಿಗಳಲ್ಲೂ ಜನ ಸಾಲಾಗಿ ನಿಂತು, ತಡವಾಗಿ ಓಡಿ ಬರುವವರಿಗಾಗಿಯೇ ಕಾದು ಕೂತಿದ್ದವರಂತೆ ಕೇಕೆ ಹಾಕುತ್ತಿದ್ದರು. ಅತ್ತೆ ಎದ್ದು ನಿಂತರು. ಮಗಳು ಅವರ ಸೊಂಟ ಹಿಡಿದಳು, ನಾನು ಮಗಳ ಸೊಂಟ ಹಿಡಿದೆ. ಅತ್ತೆ ಕರ್ಚೀಫನ್ನು ತಲೆಯ ಮೇಲೆ ಬೀಸುತ್ತಾ, ಬಸ್ಸು ನಿಲ್ಲಿಸುವ ಕಂಡಕ್ಟರನಂತೆ ಕೂಗಿದರು: “ಹೋಲ್ಡಾನ್! ಹೋಲ್ಡಾನ್!”

ಹಡಗು ನಿಂತೇ ಇತ್ತು. ಫೋನು ಬಂದಿದ್ದರಿಂದ ಕಾದೆವು ಎಂದು ಅಧಿಕಾರಿ ಎಷ್ಟು ಹೇಳಿದರೂ ಅತ್ತೆ ಒಪ್ಪಲಿಲ್ಲ. “ಕರ್ಚೀಫು ಕಂಡು ನಿಲ್ಲಿಸ್ದ ಪುಣ್ಯಾತ್ಮ. ಎಷ್ಟೋ ಡ್ರೈವರುಗಳು ಕಂಡೂ ನಿಲ್ಲಿಸ್ತಿರಲಿಲ್ಲ.” ನನ್ನನ್ನು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. “ಕರ್ಚೀಫು ಹಾಕೋ ಮುಂಚೆ ಬೋರ್ಡು ನೋಡ್ಬೇಕು ಅಳಿಯಂದ್ರೇ. ಇದು ಮೊದಲನೇ ಪಾಠ. ಎರಡನೇದು ಇನ್ಯಾವಾಗಾದ್ರೂ” ಅಂದರು, ಅಷ್ಟೇ. ಬೈದಿದ್ದರೆ ಆ ಬಿಸಿಯಲ್ಲಿ ಮೇಜಿನ ವಿಷಯ ಹೇಳಿಬಿಡುತ್ತಿದ್ದೆನೇನೋ. ಇಷ್ಟು ಒಳ್ಳೆಯತನದ ಮುಂದೆ ಹೇಗೆ ಹೇಳಲಿ, ‘ಅತ್ತೆ, ನೀವು ಬೇಡ’ ಎಂದು?

ಕೊನೆಯ ದಿನ ಮತ್ತೆ ಬರಿಯ ಸಮುದ್ರ. ಹಡಗಿನಲ್ಲಿ ಅತ್ತೆ ಈಗ ಹೆಸರಾಂತ ವ್ಯಕ್ತಿ. ‘ಹೋಲ್ಡಾನ್ ಅಮ್ಮ’ ಎಂದು ಕರೆದು ಜನ ಕೈ ಕುಲುಕುತ್ತಿದ್ದರು. ಆ ದಪ್ಪನೆಯ ಮಹಾಶಯನೇ ತನ್ನ ಹೆಂಡತಿಯೊಂದಿಗೆ ಬಂದು ಕಸೂತಿ ಕಲಿಸಿ ಎಂದು ಕೂತ. ಅತ್ತೆ ನೆರಳಿನ ಕುರ್ಚಿಯಲ್ಲಿ ಪಾಠ ಹೇಳುತ್ತಾ ತಾವೂ ಏನನ್ನೋ ಹೊಲಿಯುತ್ತಿದ್ದರು. ನಾನು ಹತ್ತಿರ ಹೋದರೆ ಸೆರಗಿನಡಿ ಸರಿಸುತ್ತಿದ್ದರು.

ತಿಂಡಿಗೆ ಹೇಳುತ್ತೇನೆ ಅಂದುಕೊಂಡೆ, ಊಟಕ್ಕೆ ಮುಂದೂಡಿದೆ. ಊಟದಲ್ಲಿ ಅವರಿಗೆ ಬಿಕ್ಕಳಿಕೆ ಬಂತು, ಕಾಫಿಗೆ ಮುಂದೂಡಿದೆ. ಕಾಫಿಯ ಹೊತ್ತಿಗೆ ನನಗೇ ಬಿಕ್ಕಳಿಕೆ.

“ರೀ, ನಾನು ಹೊಸ ಸೀರೆ ಉಡ್ಲಾ, ಬೇಡ್ವಾ?” ಅಂದಳು ಹೆಂಡತಿ, ಮೆಲ್ಲಗೆ.

“ಉಡು. ಈಗ ಹೇಳಿಬಿಡ್ತೀನಿ.”

“ಈಗ ಅಂದ್ರೆ?”

“ಟೈ ಕಟ್ಕೊಂಡ್ಮೇಲೆ.”

ಟೈ ಕಟ್ಟಿಕೊಂಡು ಬಂದೆ. ಅತ್ತೆ ಡೆಕ್ಕಿನಲ್ಲಿರಲಿಲ್ಲ. ಹುಡುಕುತ್ತಾ, ದಾರಿಯಲ್ಲಿ ನಮ್ಮ ಮೇಜನ್ನಾದರೂ ಒಮ್ಮೆ ನೋಡೋಣವೆಂದು ಆ ಪುಟ್ಟ ಊಟದ ಮನೆಗೆ ಇಣುಕಿದೆ. ಕಿಟಕಿಯಾಚೆ ಸಮುದ್ರವೆಲ್ಲ ಕಿತ್ತಳೆ ಬಣ್ಣ. ಬಿಳಿ ಬಟ್ಟೆ ಹಾಸಿದ ಮೇಜು, ಒಂದು ಹೂದಾನಿ, ಎರಡು ಕುರ್ಚಿ. ಮೇಜಿನ ಮಧ್ಯೆ ಒಂದು ಕರ್ಚೀಫು! ಬಾಗಿಲಿನಿಂದ ಹಸಿರು ನೂಲು ಕಂಡಿತು. ಅಷ್ಟೇ ಸಾಕಾಯಿತು.

ಹಿಡಿದುಬಿಟ್ಟರು! ತಮಗೂ ಮಗಳಿಗೂ ಅಂತ ನನ್ನ ಮೇಜನ್ನೇ ಹಿಡಿದುಬಿಟ್ಟರು! ಹೋಗಿ ಕೇಳಬಹುದಿತ್ತು. ಹತ್ತಿರ ಹೋಗಿ ನೋಡಬಹುದಿತ್ತು. ಕೊನೆಗೆ ಪರಿಚಾರಕನನ್ನಾದರೂ ವಿಚಾರಿಸಬಹುದಿತ್ತು. ಆದರೆ ಆ ಗಳಿಗೆಯಲ್ಲಿ ನನಗೆ ತ್ಯಾಗಮೂರ್ತಿಯಾಗುವ ಹುಕಿ ಬಂತು. ಆಗಲಿ, ತಾಯಿ ಮಗಳು ಸುಖವಾಗಿ ಉಣ್ಣಲಿ. ಬಸ್ಸಿನಲ್ಲಿ ನಿಂತವನಿಗೆ ಊಟದಲ್ಲಿ ಕುರ್ಚಿ ಏಕೆ? ಹೀಗೆಂದುಕೊಂಡು ಕೋಣೆಗೆ ಬಂದು, ಬೂಟು ಸಹಿತ ಅಟ್ಟ ಹತ್ತಿ ಮಲಗಿದೆ. ಕಥೆಯ ಆರಂಭದಲ್ಲಿ ನೀವು ನನ್ನನ್ನು ಕಂಡದ್ದು ಅಲ್ಲಿಯೇ.

ಎಷ್ಟೋ ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಅತ್ತೆ! ಒಬ್ಬರೇ! ಕೈಯಲ್ಲಿ ಅರ್ಧ ತಿಂದ ಐಸ್‌ಕ್ರೀಮು.

“ಇಲ್ಲೇನು ಮಾಡ್ತಿದ್ದೀರಿ? ಅವಳು ಅಲ್ಲಿ ಹೊಸ ಸೀರೆ ಉಟ್ಕೊಂಡು ಒಬ್ಬಳೇ ಕೂತಿದ್ದಾಳೆ!”

“ನೀವು... ಮೇಜು ಹಿಡಿದಿದ್ದೀರಲ್ಲ ಅತ್ತೆ. ನೀವಿಬ್ಬರು ಊಟ ಮಾಡಿ. ನಿಮ್ಮ ತೊಂದರೆ ನಮಗೆ...”

“ನನಗ್ಯಾಕೆ ಆ ಮೇಜು? ನಾನು ಮೇಲೆ ಐಸ್‌ಕ್ರೀಮಿನ ಹತ್ರ ಜಾಗ ಹಿಡಿದಿದ್ದೀನಿ. ಮೇಜು ನಿಮಗೋಸ್ಕರ ಹಿಡಿದಿದ್ದು. ಹೊತ್ತಿಗೆ ಸರಿಯಾಗಿ ಹೋಗ್ದಿದ್ರೆ ಬೇರೆಯೋರಿಗೆ ಕೊಟ್ಟುಬಿಡ್ತೀವಿ ಅಂತಿದ್ರು ಅಲ್ಲಿಯೋರು.”

ನಾನು ಎದ್ದು ಕೂರಲು ಹೋಗಿ ಚಾವಣಿಗೆ ತಲೆ ಬಡಿಸಿಕೊಂಡೆ. “ನಿಮಗೆ ಮೇಜಿನ ವಿಷಯ ಯಾರು ಹೇಳಿದ್ರು? ಅವಳಾ?”

“ಅವಳ್ಯಾಕೆ ಹೇಳ್ತಾಳೆ? ನೀವೇ ಹೇಳಿದ್ದು. ದಿನಾ ರಾತ್ರಿ. ನಿದ್ದೆಯಲ್ಲಿ. ‘ಅತ್ತೆ, ಕಿಟಕಿ ಪಕ್ಕದ ಮೇಜಿಗೆ ಎರಡೇ ಕುರ್ಚಿ, ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ.’ ಒಂದಿನ ನಾನು ಕೆಳಗಿಂದ, ‘ಆಗ್ಲಿ ಅಳಿಯಂದ್ರೇ’ ಅಂತ ಉತ್ತರಾನೂ ಕೊಟ್ಟೆ. ‘ಕರೆ ಮಾಡಿದ್ದಕ್ಕೆ ಧನ್ಯವಾದ’ ಅಂದ್ರಿ. ಎಚ್ಚರವಾಗಿದ್ದಾಗ ಯಾವತ್ತು ಬಾಯಿ ಬಿಡ್ತೀರೋ ಅಂತ ನಾವಿಬ್ಬರೂ ಕಾದಿದ್ದೇ ಕಾದಿದ್ದು.” ಐಸ್‌ಕ್ರೀಮು ತೊಟ್ಟಿಕ್ಕಿತು. ಅತ್ತೆಯ ತಾಳ್ಮೆಯೂ ಮುಗಿಯಿತು. “ಇನ್ನೂ ಏನು ನೋಡ್ತಾ ಕೂತಿದ್ದೀಯ? ಇಳಿಯೋ ಕೆಳಗೆ!”

ಒಂದು ವರ್ಷದ ಬಹುವಚನ ಅಲ್ಲಿಗೆ ಮುಗಿಯಿತು. ಪರೀಕ್ಷೆಯಲ್ಲಿ ಪಾಸೋ ಫೇಲೋ ಕೇಳಲು ಸಮಯವಿರಲಿಲ್ಲ. ಓಡಿದೆ.

ಕಿಟಕಿಯಾಚೆ ಕಿತ್ತಳೆ ಬಣ್ಣವೆಲ್ಲ ಆರಿ ಕಪ್ಪಾಗಿತ್ತು. ಹೊಸ ಸೀರೆಯ ಹೆಂಡತಿ ಒಬ್ಬಳೇ ಕೂತಿದ್ದಳು. ಅವಳ ಮುಂದಿನ ತಟ್ಟೆ ಖಾಲಿ. ನನ್ನ ಕುರ್ಚಿಯ ಮುಂದಿನ ತಟ್ಟೆಯೂ ಖಾಲಿ.

“ನಿಮ್ಮ ಸೂಪು ಆರ್ತಿತ್ತು, ಕುಡಿದೆ” ಅಂದಳು. “ಆಮೇಲೆ ನಿಮ್ಮ ಊಟಾನೂ ಆರ್ತಿತ್ತು.”

“ನನಗೆ ಹಸಿವು...”

“ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ.”

ಅವಳ ಕೈಯಲ್ಲಿದ್ದ ಪುಡಿಂಗಿನ ಬಟ್ಟಲಿನಲ್ಲಿ ಒಂದೇ ಒಂದು ಚಮಚದಷ್ಟು ಉಳಿದಿತ್ತು. ನಾನು ಮುಖ ತಪ್ಪಿಸಲು ಮೇಜಿನ ಮೇಲಿದ್ದ ಕರ್ಚೀಫನ್ನು ಎಳೆದುಕೊಂಡೆ. ಆಗ ಕಂಡಿತು. ಅದರಲ್ಲಿ ಇದ್ದದ್ದು ಒಂದು ಗಿಳಿಯಲ್ಲ, ಎರಡು. ಒಂದೇ ಕೊಂಬೆ, ಎದುರುಬದುರು. ಪೇಟೆಯಲ್ಲಿ ಆರಿಸಿ ತಂದ ಹೊಸ ನೂಲು. ಒಂದು ಗಿಳಿಯ ಕೆಂಪು ಕೊಕ್ಕು ಎಂದಿನಂತೆ ತೆರೆದಿತ್ತು. ಇನ್ನೊಂದರ ಕೊಕ್ಕು ಭದ್ರವಾಗಿ ಮುಚ್ಚಿತ್ತು. ಅದರ ಕೊರಳಿಗೆ ನೀಲಿ ನೂಲಿನಲ್ಲಿ ಪುಟ್ಟದೊಂದು ಟೈ.

“ಇದೇನಿದು, ಅತ್ತೆ ಬಾಯಿ ಮುಚ್ಚಿದ ಗಿಳಿ ಹಾಕಿದ್ದಾರೆ?” ಅಂದೆ. ಅನ್ನುವಷ್ಟರಲ್ಲಿ ಕೈ ತಾನಾಗಿಯೇ ನನ್ನ ಟೈ ಮುಟ್ಟಿಕೊಂಡಿತು.

ಹೆಂಡತಿ ಕೊನೆಯ ಚಮಚ ಪುಡಿಂಗನ್ನು ಕೆರೆದು ತೆಗೆದಳು. ಮೇಜಿನ ಮೇಲೆ ಬಾಗಿದಳು. ಜೇನಿನ ದನಿ ಹೊರಟಿತು.

“ಒಂಚೂರೂ ನೋಯಲ್ಲ. ಎಲ್ಲಿ, ಬಾಯಿ ತೆರೀರಿ ನೋಡೋಣ.”

ತೆರೆದೆ.